ಇಪ್ಪತ್ತು ಸಾವಿರದೊಳಗಿನ ಐಇಎಂ: ಧ್ವನಿಯನ್ನು ಪರೀಕ್ಷಿಸುವುದು ಹೇಗೆ, ಕಿವಿ ನೋಯದಂತೆ ಆರಿಸುವುದು ಹೇಗೆ?

ಶ್ರುತಿಪ್ರಿಯ

ಎಲ್ಲರಿಗೂ ನಮಸ್ಕಾರ. ಎಂಟರಿಂದ ಇಪ್ಪತ್ತು ಸಾವಿರ ರೂಪಾಯಿಯೊಳಗೆ ತಂತಿಯಿರುವ ಒಳ್ಳೆಯ ಇನ್-ಇಯರ್ ಮಾನಿಟರ್ (ಐಇಎಂ, ಅಂದರೆ ಕಿವಿನಾಳದೊಳಗೆ ಕೂರುವ ಇಯರ್‌ಫೋನ್) ಒಂದನ್ನು ಕೊಳ್ಳಬೇಕೆಂದಿದ್ದೇನೆ. ನಾನು ಹೆಚ್ಚಾಗಿ ಕೇಳುವುದು ಹಿಂದುಸ್ತಾನಿ ಗಾಯನ, ವೀಣೆ ಮತ್ತು ಹಳೆಯ ಚಿತ್ರಗೀತೆಗಳು. ಕೇಳುವುದು ಕಚೇರಿಯಲ್ಲಿ ಕೆಲಸ ಮಾಡುತ್ತಾ ಮತ್ತು ಬೆಂಗಳೂರಿನ ಬಸ್ಸಿನಲ್ಲಿ ಓಡಾಡುವಾಗ.

ನನ್ನ ತೊಡಕು ಎರಡು. ಒಂದೇ ಮಾದರಿಯನ್ನು ಒಬ್ಬ ವಿಮರ್ಶಕರು ಬೇಸ್ (ತಗ್ಗಿನ ಸ್ವರಗಳು) ಇಲ್ಲದ ಒಣ ಧ್ವನಿ ಎನ್ನುತ್ತಾರೆ, ಇನ್ನೊಬ್ಬರು ಬೇಸ್ ಅತಿಯಾಯಿತು ಎನ್ನುತ್ತಾರೆ. ಯಾರನ್ನು ನಂಬಬೇಕೋ ತಿಳಿಯುವುದಿಲ್ಲ. ಎರಡನೆಯದಾಗಿ, ಈಗ ಬಳಸುತ್ತಿರುವುದರ ಧ್ವನಿ ನನಗೆ ಹಿತವಾಗಿಯೇ ಇದ್ದರೂ ಗಂಟೆ ಕಳೆಯುವಷ್ಟರಲ್ಲಿ ಎಡಗಿವಿ ನೋಯತೊಡಗುತ್ತದೆ. ಬಲಗಿವಿಗೆ ಏನೂ ಆಗುವುದಿಲ್ಲ. ಅಂಗಡಿಗೆ ಹೋದರೆ ಕೇಳಿ ನೋಡಲು ಸಿಗುವುದು ಹತ್ತು ನಿಮಿಷ. ಆ ಸಮಯದಲ್ಲಿ ಯಾವುದನ್ನು ಕೇಳಬೇಕು, ಏನನ್ನು ಗಮನಿಸಬೇಕು? ಮಾದರಿಗಳ ಪಟ್ಟಿಗಿಂತ ಪರೀಕ್ಷಿಸುವ ಕ್ರಮವನ್ನು ತಿಳಿಸಿದರೆ ಹೆಚ್ಚು ಉಪಕಾರವಾಗುತ್ತದೆ.

ಕಡಲತಡಿ

ವಿಮರ್ಶೆಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಅಭಿರುಚಿಗಿಂತ ದೊಡ್ಡ ಕಾರಣ ಸೀಲ್, ಅಂದರೆ ಐಇಎಂನ ತುದಿಯ ಮೆತ್ತನೆಯ ಟಿಪ್ ಕಿವಿನಾಳವನ್ನು ಸಂದಿಲ್ಲದೆ ಮುಚ್ಚುವುದು. ಟಿಪ್ಪಿನ ಸುತ್ತ ಕೂದಲೆಳೆಯಷ್ಟು ಸಂದು ಉಳಿದರೂ ತಗ್ಗಿನ ಸ್ವರಗಳೆಲ್ಲ ಅಲ್ಲಿಂದ ಸೋರಿಹೋಗುತ್ತವೆ, ಮೇಲಿನ ಸ್ವರಗಳು ಮಾತ್ರ ಹಾಗೆಯೇ ಉಳಿಯುತ್ತವೆ. ಆಗ ಧ್ವನಿ ತೆಳುವಾಗಿ, ಚುಚ್ಚುವಂತೆ ಕೇಳಿಸುತ್ತದೆ. ಅದನ್ನೇ ಬಿಗಿಯಾಗಿ ಕೂರಿಸಿಕೊಂಡವರಿಗೆ ಧ್ವನಿ ತುಂಬಿ ಬರುತ್ತದೆ. ಇಬ್ಬರೂ ತಮಗೆ ಕೇಳಿಸಿದ್ದನ್ನೇ ಪ್ರಾಮಾಣಿಕವಾಗಿ ಬರೆದಿರುತ್ತಾರೆ.

ಫೋನಿನಲ್ಲಿ 30 ಹರ್ಟ್ಜ್‌ನಿಂದ 200 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಟೋನ್ ಒಂದನ್ನು ಇಟ್ಟುಕೊಂಡು ಹೋಗಿ. ಕೆಳತುದಿಯಲ್ಲಿ ಏನೂ ಕೇಳಿಸದಿದ್ದರೆ, ಅಥವಾ ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿದಾಗ ಬೇಸ್ ತಟ್ಟನೆ ಹೆಚ್ಚಿದರೆ, ನೀವಿನ್ನೂ ಆ ಯಂತ್ರದ ಧ್ವನಿಯನ್ನು ಕೇಳಿಲ್ಲ ಎಂದೇ ತಿಳಿಯಿರಿ. ಟಿಪ್ ಬದಲಾಯಿಸಿ ಮತ್ತೆ ಕೇಳಿ.

ಶ್ರವಣಮಿತ್ರ

ನಾನು ಮೈಸೂರಿನಲ್ಲಿ ಶ್ರವಣ ತಪಾಸಣೆಯ ಕೆಲಸದಲ್ಲಿರುವವಳು. ಶ್ರುತಿಪ್ರಿಯ ಅವರ ಎಡಗಿವಿಯ ನೋವಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇಂತಹ ಚರ್ಚೆಗಳಲ್ಲಿ ಈ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ಒಬ್ಬರದೇ ಎರಡು ಕಿವಿಗಳು ಒಂದೇ ಅಳತೆಯಲ್ಲಿರಬೇಕೆಂದಿಲ್ಲ. ಎಡಕ್ಕೆ ಮಧ್ಯಮ ಟಿಪ್, ಬಲಕ್ಕೆ ಸಣ್ಣ ಟಿಪ್ ಹಾಕಿಕೊಳ್ಳುವುದು ತೀರಾ ಸಹಜ. ಆದರೂ ಪೆಟ್ಟಿಗೆಯಿಂದ ಒಂದೇ ಅಳತೆಯ ಜೋಡಿಯನ್ನು ತೆಗೆದು ಹಾಕಿಕೊಳ್ಳುವ ಅಭ್ಯಾಸ ಎಲ್ಲರಿಗೂ ಇದೆ. ವಯಸ್ಕರ ಕಿವಿನಾಳ ಸುಮಾರು 25 ಮಿಲಿಮೀಟರ್ ಉದ್ದವಿದ್ದು, ನೇರವಾಗಿರದೆ ಬಾಗಿರುತ್ತದೆ. ಅದರ ಹೊರಗಿನ ಮೂರನೇ ಒಂದು ಭಾಗ ಮೃದ್ವಸ್ಥಿಯಿಂದ ಆದದ್ದು, ಸ್ವಲ್ಪ ಒತ್ತಡವನ್ನು ಸಹಿಸುತ್ತದೆ. ಒಳಗಿನ ಎರಡು ಭಾಗದಲ್ಲಿ ಎಲುಬಿನ ಮೇಲೆ ತೆಳುವಾದ ಚರ್ಮವಷ್ಟೇ ಇರುವುದರಿಂದ ಅಲ್ಲಿ ಟಿಪ್ ತಗುಲಿದರೆ ಕೂಡಲೇ ನೋವಾಗುತ್ತದೆ.

ನೋವು ಎಲ್ಲಿದೆ ಎಂಬುದನ್ನು ಗುರುತಿಸಿದರೆ ಕಾರಣ ಅರ್ಧ ತಿಳಿದಂತೆ. ನಾಳದ ಬಾಯಿಯಲ್ಲಿ ಬಿಗಿತವಿದ್ದರೆ ಟಿಪ್ ದೊಡ್ಡದಾಗಿದೆ, ಇಲ್ಲವೇ ಟಿಪ್ ಕೂರುವ ನಳಿಕೆಯೇ ದಪ್ಪವಾಗಿದೆ. ಕಿವಿಯ ಬಟ್ಟಲಿನಲ್ಲಿ, ಹಾಲೆಯ ಮೇಲಿರುವ ಚಿಕ್ಕ ಉಬ್ಬಿನ ಹತ್ತಿರ ನೋವಿದ್ದರೆ ಐಇಎಂನ ಹೊರಕವಚ ಅಲ್ಲಿ ಒತ್ತುತ್ತಿದೆ. ಅದಕ್ಕೆ ಟಿಪ್ ಬದಲಾಯಿಸಿ ಹೆಚ್ಚು ಪ್ರಯೋಜನವಿಲ್ಲ. ಎರಡನೆಯ ಬಗೆಯ ನೋವು ಹಾಕಿಕೊಂಡ ತಕ್ಷಣ ಕಾಣಿಸುವುದಿಲ್ಲ. ಒತ್ತಡ ಒಂದೇ ಕಡೆ ಉಳಿದು, ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕಳೆದ ಮೇಲೆ ನಿಧಾನವಾಗಿ ಮೇಲೇಳುತ್ತದೆ. ಆದ್ದರಿಂದ ಹತ್ತು ನಿಮಿಷದ ಪರೀಕ್ಷೆಯಲ್ಲಿ ಧ್ವನಿಯ ಬಗ್ಗೆ ಏನಾದರೂ ತಿಳಿದೀತು, ಹಿತದ ಬಗ್ಗೆ ಬಹಳ ಕಡಿಮೆ ತಿಳಿಯುತ್ತದೆ. ಅಂಗಡಿಯವರು ಅನುಮತಿಸಿದರೆ ಹಾಡು ಹಾಕದೆಯೇ ಕಿವಿಯಲ್ಲಿಟ್ಟುಕೊಂಡು ಅರ್ಧ ಗಂಟೆ ಕುಳಿತುಕೊಳ್ಳಿ. ಆಗಾಗ ಬಾಯಿ ಅಗಲಿಸಿ, ಅಗಿಯುವಂತೆ ದವಡೆಯಾಡಿಸಿ. ದವಡೆ ಆಡುವಾಗ ಕಿವಿನಾಳದ ಆಕಾರವೂ ಬದಲಾಗಿ ಸೀಲ್ ಬಿಡುವುದುಂಟು.

ಅಳತೆಗಾರ

ಶ್ರವಣಮಿತ್ರ ಅವರ ಮಾತುಗಳನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅಂಗಡಿಗೆ ಹೋಗುವ ಮುನ್ನವೇ, ಐಇಎಂ ಯಾವ ಸ್ವರವನ್ನು ಎಷ್ಟು ಜೋರಾಗಿ ನುಡಿಸುತ್ತದೆ ಎಂದು ತೋರಿಸುವ ಗ್ರಾಫ್ ನೋಡಿ ಅರ್ಧದಷ್ಟು ಮಾದರಿಗಳನ್ನು ಪಕ್ಕಕ್ಕಿಡಬಹುದು ಎಂಬುದನ್ನು ಯಾರೂ ಹೇಳಿಲ್ಲ.

ಹೆಚ್ಚಿನ ಗ್ರಾಫ್‌ಗಳನ್ನು ಐಇಸಿ 60318-4 ಎಂಬ ಮಾನದಂಡದ ಕೃತಕ ಕಿವಿಯಲ್ಲಿ ಅಳೆಯುತ್ತಾರೆ. ಹಳೆಯ ಸಂಖ್ಯೆಯಿಂದ ಅದನ್ನು 711 ಕಪ್ಲರ್ ಎಂದು ಕರೆಯುವುದೇ ರೂಢಿ. ಬೇಸ್ ಎಷ್ಟು ಎತ್ತಿದ್ದಾರೆ, 200ರಿಂದ 500 ಹರ್ಟ್ಜ್‌ನಲ್ಲಿ ಧ್ವನಿ ಮಂಕಾಗಿದೆಯೇ, 3,000 ಹರ್ಟ್ಜ್ ಸುತ್ತಲಿನ ಏರಿಕೆ ಸಹಜವಾಗಿದೆಯೇ ಎಂಬುದು ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ತೆರೆದ ಕಿವಿಯ ನಾಳವೇ ಸುಮಾರು 3,000 ಹರ್ಟ್ಜ್ ಹತ್ತಿರ ಅನುರಣಿಸುತ್ತದೆ. ನಾಳವನ್ನು ಟಿಪ್ಪಿನಿಂದ ಮುಚ್ಚಿದಾಗ ಆ ಅನುರಣನ ಇಲ್ಲವಾಗುವುದರಿಂದ ತಯಾರಕರು ಅದನ್ನು ಧ್ವನಿಯಲ್ಲಿಯೇ ತುಂಬಿಕೊಡಬೇಕಾಗುತ್ತದೆ. ಅದು ಕಡಿಮೆಯಾದರೆ ಗಾಯಕರು ಪರದೆಯ ಹಿಂದೆ ನಿಂತು ಹಾಡಿದಂತೆ ಕೇಳಿಸುತ್ತದೆ, ಹೆಚ್ಚಾದರೆ ಕೂಗಿದಂತೆ ಕೇಳಿಸುತ್ತದೆ.

8,000 ಹರ್ಟ್ಜ್ ದಾಟಿದ ಮೇಲೆ ಗ್ರಾಫನ್ನು ಅಕ್ಷರಶಃ ನಂಬಬೇಡಿ. ಅಲ್ಲಿ ಕಾಣುವ ಎತ್ತರದ ಶಿಖರ ಹಲವು ಬಾರಿ ಕಪ್ಲರಿನದೇ ಅನುರಣನ. ಐಇಎಂ ಎಷ್ಟು ಆಳಕ್ಕೆ ಕೂತಿದೆ ಎಂಬುದರ ಮೇಲೆ ಅದು ಆಚೀಚೆ ಸರಿಯುತ್ತದೆ. ನಿಮ್ಮ ಕಿವಿಯಲ್ಲೂ ಹಾಗೆಯೇ ಸರಿಯುತ್ತದೆ.

ನಾದಾನುರಾಗಿ

ಅಳತೆಗಾರ ಅವರೇ, ಗ್ರಾಫ್ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಆ ಗ್ರಾಫನ್ನು ಯಾವ ಗುರಿಗೆ ಹೋಲಿಸಿ ಒಳ್ಳೆಯದು, ಕೆಟ್ಟದ್ದು ಎನ್ನುತ್ತೀರಿ? ಬಹುತೇಕರು ಹೋಲಿಸುವುದು ಹಾರ್ಮನ್ ಗುರಿರೇಖೆಗೆ, ಅಂದರೆ ಒಳ್ಳೆಯ ಧ್ವನಿ ಹೀಗಿರಬೇಕೆಂದು ಹಾರ್ಮನ್ ಸಂಸ್ಥೆಯವರು ರೂಪಿಸಿದ ರೇಖೆಗೆ. ಅದರಲ್ಲಿ ಬೇಸ್ ಗಣನೀಯವಾಗಿ ಎತ್ತಿದೆ. ಡ್ರಮ್ ಮತ್ತು ಬೇಸ್ ಗಿಟಾರ್ ಇರುವ ಸಂಗೀತಕ್ಕೆ ಅದು ಹೊಂದಬಹುದು. ತಂಬೂರಿ, ಗಾಯನ, ತಬಲಾ, ಹಾರ್ಮೋನಿಯಂ ಇಷ್ಟೇ ಇರುವ ಬೈಠಕ್‌ನ ಧ್ವನಿಮುದ್ರಣಕ್ಕೆ ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯ) ಗುಂಕಾರ ಗಾಯಕರ ಕಂಠದ ಮೇಲೆ ಬಂದು ಕೂರುತ್ತದೆ.

ನಾನು ಯಾವುದೇ ಐಇಎಂ ಕೈಗೆ ಬಂದರೂ ಮೊದಲು ಕೇಳುವುದು ತಂಬೂರಿಯನ್ನು ಮಾತ್ರ. ಕುದುರೆಯ (ತಂತಿಗಳನ್ನು ಹೊತ್ತಿರುವ ಪಟ್ಟಿ) ಮೇಲೆ ತಂತಿಯ ಕೆಳಗೆ ಸರಿಪಡಿಸಿಟ್ಟ ಜೀವಾರಿಯ ದಾರದಿಂದಾಗಿ ಒಂದೊಂದು ಮೀಟಿನಲ್ಲೂ ಉಪಸ್ವರಗಳು ಒಂದಾದ ಮೇಲೊಂದು ಮೇಲೇರಿ ಇಳಿಯುತ್ತವೆ. ಯಂತ್ರ ಸರಿಯಾಗಿದ್ದರೆ ಆ ಅಲೆಯನ್ನು ಒಡೆಯದೆ ಅನುಸರಿಸಬಹುದು. ಎಲ್ಲೋ ಒಂದು ಕಡೆ ತಗ್ಗು ಅಥವಾ ಶಿಖರವಿದ್ದರೆ ಅಲೆ ಅಲ್ಲಿ ತಡವರಿಸುತ್ತದೆ, ಇಲ್ಲವೇ ಒಂದೇ ಉಪಸ್ವರ ಎದ್ದು ನಿಂತು ಉಳಿದವುಗಳನ್ನು ಮುಚ್ಚುತ್ತದೆ. ಎರಡನೆಯದಾಗಿ ಗಂಗೂಬಾಯಿ ಹಾನಗಲ್ ಅವರ ವಿಲಂಬಿತ್ ಕೇಳುತ್ತೇನೆ. ಅವರ ಕಂಠದ ಭಾರ ಮಂದ್ರದಲ್ಲಿ ಎದೆಯಿಂದ ಬಂದಂತೆ ಕೇಳಬೇಕು. ತೆಳ್ಳಗಾದರೂ ತಪ್ಪು, ಕೊಡದೊಳಗಿಂದ ಬಂದಂತೆ ಕೇಳಿದರೂ ತಪ್ಪು. ಮೂರನೆಯದು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ. ಮೈಸೂರು ಬಾನಿಯ ಮೀಟು ಎಷ್ಟು ಮೃದುವೆಂದರೆ, ಟ್ರೆಬಲ್ (ಮೇಲಿನ ಸ್ವರಗಳು) ಕಟುವಾಗಿರುವ ಐಇಎಂನಲ್ಲಿ ತಂತಿ ಲೋಹದ ಬಡಿತವಾಗಿಬಿಡುತ್ತದೆ. ಈ ಮೂರರಲ್ಲಿ ತಿಳಿಯದ ದೋಷವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಳತೆಗಾರ

ಗುರಿರೇಖೆಯ ಬಗ್ಗೆ ನಿಮ್ಮ ಆಕ್ಷೇಪ ಅರ್ಧ ಸರಿ. ಹಾರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಅವರ ಸಹೋದ್ಯೋಗಿಗಳು ಆ ರೇಖೆಯನ್ನು ರೂಪಿಸಿದ್ದು ಕೇಳುಗರನ್ನು ಕೂರಿಸಿ, ಅವರ ಆಯ್ಕೆಗಳನ್ನು ದಾಖಲಿಸಿ. ಎಲ್ಲರಿಗೂ ಒಂದೇ ರೇಖೆ ಇಷ್ಟವಾಗುತ್ತದೆ ಎಂದು ಅವರೇ ಹೇಳಿಲ್ಲ. ಹೆಚ್ಚಿನವರು ಅದನ್ನು ಮೆಚ್ಚಿದರೂ, ಇನ್ನಷ್ಟು ಬೇಸ್ ಬೇಕೆನ್ನುವ ಒಂದು ಗುಂಪು, ಕಡಿಮೆ ಬೇಸ್ ಸಾಕೆನ್ನುವ ಮತ್ತೊಂದು ಗುಂಪು ಇರುವುದನ್ನು ಅವರ ಪ್ರಬಂಧಗಳಲ್ಲೇ ಕಾಣಬಹುದು. ನೀವು ಎರಡನೆಯ ಗುಂಪಿನವರು, ಅಷ್ಟೇ. ಗ್ರಾಫ್‌ನಲ್ಲಿ ಬೇಸ್ ಭಾಗ ಆ ರೇಖೆಗಿಂತ ಮೂರು ನಾಲ್ಕು ಡೆಸಿಬೆಲ್ ಕೆಳಗಿರುವ ಮಾದರಿಯನ್ನು ಹುಡುಕಿದರೆ ನಿಮಗೆ ಬೇಕಾದದ್ದೇ ಸಿಗುತ್ತದೆ. ಗ್ರಾಫ್ ನಿಮ್ಮ ವಿರುದ್ಧವಿಲ್ಲ.

ನಾದಾನುರಾಗಿ

ಈ ವಿವರಣೆಯನ್ನು ಒಪ್ಪುತ್ತೇನೆ. ಆದರೂ ತಂಬೂರಿಯ ಪರೀಕ್ಷೆಯನ್ನು ಬಿಡುವುದಿಲ್ಲ.

ಪ್ರಯಾಣಿಕ

ಇಬ್ಬರೂ ನಿಶ್ಶಬ್ದವಾದ ಕೋಣೆಯಲ್ಲಿ ಕುಳಿತು ಚರ್ಚಿಸುತ್ತಿದ್ದೀರಿ. ಪ್ರಶ್ನೆ ಕೇಳಿದವರು ಬಸ್ಸಿನಲ್ಲಿ ಕೇಳುವವರು. ಬಸ್ಸಿನ ಎಂಜಿನ್ನಿನ ಸದ್ದೆಲ್ಲ ತಗ್ಗಿನ ಸ್ವರಗಳಲ್ಲೇ ಇರುವುದರಿಂದ ಅದು ಹಾಡಿನ ಬೇಸನ್ನೇ ಮುಚ್ಚಿಹಾಕುತ್ತದೆ. ಮನೆಯಲ್ಲಿ ಸಮವಾಗಿ ಕೇಳಿದ ಐಇಎಂ ಬಸ್ಸಿನಲ್ಲಿ ಬಡಕಲಾಗಿ ಕೇಳಿಸುತ್ತದೆ; ಮನೆಯಲ್ಲಿ ಬೇಸ್ ಕೊಂಚ ಹೆಚ್ಚೆನಿಸಿದ್ದು ಬಸ್ಸಿನಲ್ಲಿ ಸರಿಹೋಗುತ್ತದೆ. ಹೊರಗಿನ ಸದ್ದನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಇದರಲ್ಲಿ ಎಟಿಮೋಟಿಕ್ ಸಂಸ್ಥೆಯವರು ಬಹಳ ಹಳಬರು. 1991ರಲ್ಲಿ ಬಂದ ಅವರ ಇಆರ್4 ಮಾದರಿಯಿಂದ ಹಿಡಿದು ಇಂದಿನ ಇಆರ್2ವರೆಗೆ ಮೂರು ಮಡಿಕೆಯ ಟಿಪ್ ನಾಳದ ಆಳಕ್ಕೆ ಹೋಗಿ ಕೂರುತ್ತದೆ, ಹೊರಗಿನ ಸದ್ದು ಬಹುಪಾಲು ನಿಂತುಹೋಗುತ್ತದೆ. ಶೂರ್ ಎಸ್ಇ215 ಕೂಡ ವೇದಿಕೆಯ ಮೇಲೆ ಬಳಸುವ ಮಾನಿಟರುಗಳ ವಂಶದ್ದೇ ಆದ್ದರಿಂದ ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಈಚಿನ ಮಾದರಿಗಳಲ್ಲಿ ಕಿವಿಯೊಳಗಿನ ಒತ್ತಡ ಬಿಡುಗಡೆಯಾಗಲೆಂದು ಗಾಳಿರಂಧ್ರಗಳನ್ನು ಇಡುತ್ತಾರೆ. ಹಿತಕ್ಕೆ ಅದು ಒಳ್ಳೆಯದೇ, ಆದರೆ ಬಸ್ಸಿನ ಸದ್ದೂ ಅದೇ ದಾರಿಯಲ್ಲಿ ಒಳಗೆ ಬರುತ್ತದೆ.

ಶ್ರವಣಮಿತ್ರ

ಪ್ರಯಾಣಿಕ ಅವರು ಎತ್ತಿದ ವಿಷಯ ಕಿವಿಯ ಆರೋಗ್ಯಕ್ಕೂ ಸಂಬಂಧಿಸಿದ್ದು. ಹೊರಗಿನ ಸದ್ದು ಒಳಗೆ ಬಂದಷ್ಟೂ ನಾವು ವಾಲ್ಯೂಮ್ ಏರಿಸುತ್ತಾ ಹೋಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 40 ಗಂಟೆಗಳ ಮಿತಿ ಇರುವುದು 80 ಡೆಸಿಬೆಲ್ ಮಟ್ಟದಲ್ಲಿ. ಮಟ್ಟ 3 ಡೆಸಿಬೆಲ್ ಏರಿದಂತೆಲ್ಲ ಸುರಕ್ಷಿತ ಅವಧಿ ಅರ್ಧಕ್ಕೆ ಇಳಿಯುತ್ತದೆ. ಅಂದರೆ 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಸದ್ದನ್ನು ಚೆನ್ನಾಗಿ ತಡೆಯುವ ಐಇಎಂ ಇದ್ದರೆ ಬಸ್ಸಿನಲ್ಲೂ ಕೋಣೆಯಲ್ಲಿ ಕೇಳುವಷ್ಟೇ ವಾಲ್ಯೂಮಿನಲ್ಲಿ ಕೇಳಬಹುದು. ನನ್ನ ದೃಷ್ಟಿಯಲ್ಲಿ ಇದು ಧ್ವನಿಯ ಗುಣಮಟ್ಟದಷ್ಟೇ ಮುಖ್ಯ.

ಆಳಕ್ಕೆ ಹೋಗುವ ಟಿಪ್ಪಿನ ಬಗ್ಗೆಯೂ ಒಂದು ಮಾತು. ನಾಳದ ಬಾಯನ್ನು ಮಾತ್ರ ಮುಚ್ಚಿದಾಗ ನಮ್ಮದೇ ಮಾತು, ನಡಿಗೆಯ ಸದ್ದು ತಲೆಯೊಳಗೆ ಗುಂಯ್ಗುಡುತ್ತದೆ. ಟಿಪ್ ಎಲುಬಿನ ಭಾಗದವರೆಗೆ ಹೋದಾಗ ಅದು ಬಹಳ ತಗ್ಗುತ್ತದೆ. ಆದರೆ ಆ ಆಳ ಎಲ್ಲರಿಗೂ ಸಹನೆಯಾಗುವುದಿಲ್ಲ. ಹಾಕುವಾಗ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಿರಿ, ತೆಗೆಯುವಾಗ ಮೆಲ್ಲಗೆ ತಿರುಗಿಸುತ್ತಾ ಬಿಡಿಸಿ. ಒಮ್ಮೆಗೇ ಎಳೆಯಬಾರದು.

ಚೆಂಡೆಪೆಟ್ಟು

ರಸ್ತೆ ದಾಟುವಾಗ ಇಷ್ಟು ಸದ್ದು ತಡೆಯುವುದನ್ನು ಹಾಕಿಕೊಳ್ಳುವುದು ಅಪಾಯವಲ್ಲವೇ?

ಪ್ರಯಾಣಿಕ

ಖಂಡಿತ ಅಪಾಯ. ಬಸ್ಸಿನಿಂದ ಇಳಿಯುವ ಮೊದಲೇ ತೆಗೆದು ಕೊರಳಿಗೆ ಇಳಿಬಿಡಬೇಕು. ತಂತಿ ಇರುವುದರಿಂದ ಬಿದ್ದುಹೋಗುವ ಭಯವಿಲ್ಲ.

ಚೆಂಡೆಪೆಟ್ಟು

ಧನ್ಯವಾದ. ನಾನು ಯಕ್ಷಗಾನದ ಧ್ವನಿಮುದ್ರಣಗಳನ್ನು ಹೆಚ್ಚು ಕೇಳುವವನು, ಅದರಿಂದ ಒಂದು ವಿಷಯ ಸೇರಿಸುತ್ತೇನೆ. ಬಯಲಾಟದ ಮುದ್ರಣಗಳಲ್ಲಿ ಬಹಳಷ್ಟು ಪ್ರೇಕ್ಷಕರು ಫೋನಿನಲ್ಲಿ ಹಿಡಿದವು. ಚೆಂಡೆಯ ಬಿಡ್ತಿಗೆ (ಚೆಂಡೆಯ ನುಡಿತದ ಒಂದು ಬಗೆ) ಬಂದಾಗ ಮೈಕ್ ತಾಳಲಾರದೆ ಧ್ವನಿ ಒಡೆದಿರುತ್ತದೆ, ಜಾಗಟೆಯ ಸದ್ದು ಅದರ ಮೇಲೆ ಸೇರಿಕೊಂಡಿರುತ್ತದೆ. ಟ್ರೆಬಲ್ ತೀಕ್ಷ್ಣವಾಗಿರುವ ಐಇಎಂನಲ್ಲಿ ಇವನ್ನು ಅರ್ಧ ಪ್ರಸಂಗ ಕೇಳುವುದೂ ಕಷ್ಟ. ಸೂಕ್ಷ್ಮ ವಿವರಗಳನ್ನೆಲ್ಲ ಬಿಡಿಸಿ ತೋರಿಸುವ ಯಂತ್ರ ಎಂದು ವಿಮರ್ಶೆಗಳಲ್ಲಿ ಹೊಗಳಿಸಿಕೊಂಡದ್ದು ನನ್ನಂಥವರಿಗೆ ದೋಷಗಳನ್ನೇ ಬಿಡಿಸಿ ತೋರಿಸುತ್ತದೆ. ಆದ್ದರಿಂದ ಪರೀಕ್ಷಿಸುವಾಗ ಅತ್ಯುತ್ತಮ ಮುದ್ರಣಗಳನ್ನು ಮಾತ್ರ ಒಯ್ಯಬೇಡಿ. ನೀವು ದಿನವೂ ಕೇಳುವ, ಅಷ್ಟೇನೂ ಚೆನ್ನಾಗಿಲ್ಲದ ಮುದ್ರಣವೊಂದನ್ನೂ ಒಯ್ಯಿರಿ. ಶ್ರುತಿಪ್ರಿಯ ಅವರು ಹಳೆಯ ಚಿತ್ರಗೀತೆ ಎಂದಿದ್ದಾರೆ. ಅವರಿಗೂ ಇದು ಅನ್ವಯಿಸುತ್ತದೆ.

ನಾದಾನುರಾಗಿ

ಚೆಂಡೆಪೆಟ್ಟು ಅವರ ಮಾತು ಹಿಂದುಸ್ತಾನಿಗೂ ಸತ್ಯ. ಮಲ್ಲಿಕಾರ್ಜುನ ಮನ್ಸೂರರ ಎಷ್ಟೋ ಖಾಸಗಿ ಬೈಠಕ್‌ಗಳ ಟೇಪಿನಲ್ಲಿ ಹಿಸ್ ಸದ್ದು ಗಾಯನದ ಜೊತೆಗೇ ಇದೆ. ಅದನ್ನು ಎತ್ತಿ ತೋರಿಸುವ ಐಇಎಂ ನನಗೆ ಬೇಡ. ಟ್ರೆಬಲ್ ಪರೀಕ್ಷಿಸಲು ಇನ್ನೊಂದು ಸುಲಭ ದಾರಿ ಮಾತಿನ ಮುದ್ರಣ. ಪರಿಚಿತರ ಧ್ವನಿಯ ಸಂದರ್ಶನ ಅಥವಾ ವಾರ್ತೆಯನ್ನು ಕೇಳಿ. ಸಕಾರ ಬಂದಾಗಲೆಲ್ಲ ಚುಚ್ಚಿದಂತಾದರೆ 6,000ದಿಂದ 8,000 ಹರ್ಟ್ಜ್ ಸುತ್ತ ಎಲ್ಲೋ ಶಿಖರವಿದೆ ಎಂದರ್ಥ. ಮನುಷ್ಯರ ಮಾತು ಹೇಗಿರಬೇಕು ಎಂಬುದು ನಮ್ಮ ಕಿವಿಗೆ ಬೇರೆ ಯಾವ ವಾದ್ಯಕ್ಕಿಂತಲೂ ಚೆನ್ನಾಗಿ ಗೊತ್ತು.

ಹೊಸಬಳ್ಳಿ

ಒಂದು ಪ್ರಶ್ನೆ. ಇದಕ್ಕೆಲ್ಲ ಪ್ರತ್ಯೇಕ ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಂಕೇತವಾಗಿಸುವ ಸಾಧನ), ಆಂಪ್ಲಿಫೈಯರ್ ಬೇಕೇ? ಹತ್ತು ಸಾವಿರದ ಐಇಎಂಗೆ ಹತ್ತು ಸಾವಿರದ ಡ್ಯಾಕ್ ಇಲ್ಲದಿದ್ದರೆ ವ್ಯರ್ಥ ಎಂದು ನನಗೆ ಒಬ್ಬರು ಹೇಳಿದರು.

ಅಳತೆಗಾರ

ಬೇಡ. ಈ ಬೆಲೆಯ ಬಹುತೇಕ ಐಇಎಂಗಳಿಗೆ ಬೇಕಾದ ಶಕ್ತಿ ಬಹಳ ಕಡಿಮೆ. ಫೋನಿಗೆ ಚುಚ್ಚುವ ಸಣ್ಣ ಡಾಂಗಲ್ ಸಾಕು. ನೋಡಬೇಕಾದದ್ದು ಎರಡೇ. ಏನೂ ನುಡಿಸದೆ ಇರುವಾಗ ಹಿಸ್ ಕೇಳಬಾರದು, ಡಾಂಗಲ್‌ನ ಔಟ್‌ಪುಟ್ ಇಂಪೀಡೆನ್ಸ್ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಕಡಿಮೆಯಿರಬೇಕು. ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಬಗೆಯ ಡ್ರೈವರುಗಳಿರುವ (ಡ್ರೈವರ್ ಎಂದರೆ ಧ್ವನಿ ಹೊರಡಿಸುವ ಭಾಗ) ಐಇಎಂಗಳಲ್ಲಿ ಇಂಪೀಡೆನ್ಸ್ ಸ್ವರದಿಂದ ಸ್ವರಕ್ಕೆ ಬದಲಾಗುವುದರಿಂದ, ಮೂಲದ ಇಂಪೀಡೆನ್ಸ್ ಹೆಚ್ಚಾದರೆ ಧ್ವನಿಯ ಸಮತೋಲವೇ ಬದಲಾಗಿಬಿಡುತ್ತದೆ. ಐಇಎಂನ ಇಂಪೀಡೆನ್ಸಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ ಎಂಬುದು ರೂಢಿಯ ಲೆಕ್ಕ. ಆಪಲ್‌ನ ಸಣ್ಣ ಡಾಂಗಲ್ ಕೂಡ ಇದನ್ನು ಪೂರೈಸುತ್ತದೆ; ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಮಾತ್ರ ಅದರ ವಾಲ್ಯೂಮ್ ತೀರಾ ಕಡಿಮೆ ಬರುತ್ತದೆ, ಕೊಳ್ಳುವ ಮೊದಲು ನಿಮ್ಮ ಫೋನಿನಲ್ಲಿ ನೋಡಿಕೊಳ್ಳಿ. ಉಳಿಸಿದ ಹಣವನ್ನು ಟಿಪ್ಪಿಗೆ ಖರ್ಚು ಮಾಡಿ.

ತಂತಿಮೀಟು

ಡ್ರೈವರ್ ಎಂದಾಗ ನೆನಪಾಯಿತು. ಈ ಬೆಲೆಯಲ್ಲಿ ಪ್ಲೇನಾರ್ (ಚಪ್ಪಟೆ ಪೊರೆಯ) ಡ್ರೈವರ್ ಬಿಟ್ಟು ಬೇರೆಯದನ್ನು ಕೊಳ್ಳುವುದಕ್ಕೆ ಕಾರಣವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. 14.2 ಮಿಲಿಮೀಟರಿನ ಡ್ರೈವರ್ ಇರುವ ಸೆವೆನ್ ಹರ್ಟ್ಜ್ ಟೈಮ್‌ಲೆಸ್ ಬಂದ ಮೇಲೆ ತಬಲಾದ ದ್ರುತ್ ಲಯದಲ್ಲಿ ಒಂದೊಂದು ಬೋಲ್ ಬಿಡಿಸಿ ಕೇಳುವ ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಅಳತೆಗಾರ

ನಿಮ್ಮ ಸುಖವನ್ನು ಪ್ರಶ್ನಿಸುವುದಿಲ್ಲ, ನಿಮ್ಮ ನಿಯಮವನ್ನು ಪ್ರಶ್ನಿಸುತ್ತೇನೆ. ಸೆನ್‌ಹೈಸರ್ ಐಇ 200ರಲ್ಲಿ ಇರುವುದು 7 ಮಿಲಿಮೀಟರಿನ ಒಂದೇ ಡೈನಾಮಿಕ್ ಡ್ರೈವರ್. ಟ್ರೂತಿಯರ್ ಹೆಕ್ಸಾದಲ್ಲಿ ಒಂದು ಡೈನಾಮಿಕ್, ಮೂರು ಆರ್ಮೇಚರ್. ಇವೆರಡೂ ಅವುಗಳ ಬೆಲೆಗೆ ಬಹಳ ಒಳ್ಳೆಯವು ಎಂದು ನಾನು ಹೇಳಬಲ್ಲೆ, ಆದರೆ ಅದಕ್ಕೆ ಡ್ರೈವರಿನ ಜಾತಿಯಾಗಲಿ ಸಂಖ್ಯೆಯಾಗಲಿ ಕಾರಣವಲ್ಲ. ನಮಗೆ ವೇಗ ಎಂದು ಅನಿಸುವುದರಲ್ಲಿ ಬಹುಪಾಲು ಮೇಲಿನ ಮಧ್ಯಮ ಸ್ವರಗಳನ್ನು ಎಷ್ಟು ಎತ್ತಿದ್ದಾರೆ ಎಂಬುದರ ಪರಿಣಾಮ.

ತಂತಿಮೀಟು

ಒಂದೇ ರೇಖೆಗೆ ಇಕ್ಯೂ ಮಾಡಿ (ಇಕ್ವಲೈಸರಿನಿಂದ ಸ್ವರಗಳ ಮಟ್ಟ ಹೊಂದಿಸಿ) ಎರಡನ್ನು ಹೋಲಿಸಿದಾಗಲೂ ನನಗೆ ವ್ಯತ್ಯಾಸ ಕೇಳಿಸಿದೆ.

ಅಳತೆಗಾರ

ಕಪ್ಲರಿನಲ್ಲಿ ಒಂದೇ ರೇಖೆಯಾದರೂ ನಿಮ್ಮ ಕಿವಿಯಲ್ಲಿ ಒಂದೇ ಆಗುವುದಿಲ್ಲ, ಏಕೆಂದರೆ ಎರಡೂ ಕೂರುವ ಆಳ ಬೇರೆ. ಎರಡರ ವಾಲ್ಯೂಮ್ ಸಮ ಮಾಡಿಕೊಂಡಿದ್ದಿರಾ ಎಂಬುದೂ ಮುಖ್ಯ. ಒಂದೆರಡು ಡೆಸಿಬೆಲ್ ಹೆಚ್ಚಿದ್ದರೆ ನಮಗೆ ಅದು ಜೋರಾಗಿದೆ ಎನಿಸುವುದಿಲ್ಲ, ಚೆನ್ನಾಗಿದೆ ಎನಿಸುತ್ತದೆ. ಐಇಎಂಗಳ ಸೂಕ್ಷ್ಮತೆ (ಅಷ್ಟೇ ಶಕ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದು) ಒಂದರಿಂದ ಒಂದಕ್ಕೆ ಬಹಳ ವ್ಯತ್ಯಾಸವಾಗುವುದರಿಂದ ಫೋನಿನ ವಾಲ್ಯೂಮ್ ಒಂದೇ ಅಂಕದಲ್ಲಿ ಇಟ್ಟು ಹೋಲಿಸಿದರೆ ಹೆಚ್ಚು ಸೂಕ್ಷ್ಮವಾದದ್ದೇ ಗೆಲ್ಲುತ್ತದೆ. ಶ್ರುತಿಪ್ರಿಯ ಅವರು ಅಂಗಡಿಯಲ್ಲಿ ಮಾಡಬೇಕಾದ ಮೊದಲ ಕೆಲಸ ಇದು: ಒಂದೇ ಗಾಯನದ ಒಂದೇ ಸಾಲನ್ನು ಎರಡರಲ್ಲೂ ಹಾಕಿ, ಗಾಯಕರ ಕಂಠ ಸಮವಾಗಿ ಕೇಳುವವರೆಗೆ ವಾಲ್ಯೂಮ್ ಹೊಂದಿಸಿಕೊಂಡು, ನಂತರವೇ ಉಳಿದದ್ದನ್ನು ಗಮನಿಸಬೇಕು.

ಮಲ್ಲಿಗೆಮೊಗ್ಗು

ಇಷ್ಟು ಹೊತ್ತಿನ ಚರ್ಚೆಯಲ್ಲಿ ಸಣ್ಣ ಕಿವಿಯವರ ಸಮಸ್ಯೆ ಎಲ್ಲೂ ಬರಲಿಲ್ಲ. ನನ್ನ ಕಿವಿನಾಳ ಬಹಳ ಕಿರಿದು. ವಿಮರ್ಶೆಗಳಲ್ಲಿ ಹಿತವಾಗಿದೆ ಎಂದು ಬರೆದದ್ದನ್ನು ನಂಬಿ ತರಿಸಿದ ಒಂದು ಐಇಎಂ ನನ್ನ ಕಿವಿಗೆ ಹೋಗಲೇ ಇಲ್ಲ. ಅತಿ ಸಣ್ಣ ಟಿಪ್ ಹಾಕಿದರೂ ನಳಿಕೆಯ ದಪ್ಪ ಕಡಿಮೆಯಾಗುವುದಿಲ್ಲವಲ್ಲ. ಈಗ ನಾನು ಮೊದಲು ನೋಡುವುದು ನಳಿಕೆಯ ವ್ಯಾಸ. 5 ಮಿಲಿಮೀಟರ್ ಆಸುಪಾಸಿನದಾದರೆ ನನಗೆ ಸರಿ. ಟ್ರೂತಿಯರ್ ಝೀರೋ, ಮೂನ್‌ಡ್ರಾಪ್ ಬ್ಲೆಸಿಂಗ್ 2ರಂತಹವುಗಳ ನಳಿಕೆ 6 ಮಿಲಿಮೀಟರಿಗಿಂತ ಹೆಚ್ಚಿದೆ. ಅವುಗಳ ಧ್ವನಿಯನ್ನು ಎಷ್ಟೇ ಹೊಗಳಿದರೂ ನನ್ನಂಥವರಿಗೆ ಅವು ಲೆಕ್ಕಕ್ಕಿಲ್ಲ. ವಿಮರ್ಶೆ ಬರೆಯುವವರು ತಮ್ಮ ಕಿವಿ ದೊಡ್ಡದೋ ಚಿಕ್ಕದೋ, ಯಾವ ಅಳತೆಯ ಟಿಪ್ ಬಳಸಿದರು ಎಂಬುದನ್ನು ಬರೆಯದೆ ಹಿತವಾಗಿದೆ ಎಂದು ಬರೆದರೆ ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಕನ್ನಡಕದ ಸಂಗತಿಯೂ ಇದೆ. ಈ ಐಇಎಂಗಳ ತಂತಿ ಕಿವಿಯ ಮೇಲಿಂದ ಸುತ್ತಿ ಬರುತ್ತದೆ. ಅದನ್ನು ಹಿಡಿದಿಡುವ ಗಟ್ಟಿ ಪ್ಲಾಸ್ಟಿಕ್ ಕೊಕ್ಕೆಯೂ ಕನ್ನಡಕದ ಕಡ್ಡಿಯೂ ಒಂದೇ ಜಾಗದಲ್ಲಿ ಒತ್ತುತ್ತವೆ. ಕೊಕ್ಕೆಯಿಲ್ಲದ ಮೆತ್ತನೆಯ ಕೇಬಲ್ ಹಾಕಿಸಿಕೊಂಡ ಮೇಲೆ ನನಗೆ ಆ ನೋವು ಹೋಯಿತು. ತಂತಿ ಬಿಚ್ಚಿ ಬದಲಾಯಿಸಲು ಬರುವ ಮಾದರಿಯನ್ನೇ ಕೊಳ್ಳಿ.

ಶ್ರುತಿಪ್ರಿಯ

ನಾನೂ ಕನ್ನಡಕ ಹಾಕುತ್ತೇನೆ. ಈ ಕೋನದಿಂದ ಯೋಚಿಸಿರಲಿಲ್ಲ. ಶ್ರವಣಮಿತ್ರ ಅವರು ಹೇಳಿದಂತೆ ಗಮನಿಸಿದೆ. ನೋವಿರುವುದು ನಾಳದಲ್ಲಿ ಅಲ್ಲ, ಹಾಲೆಯ ಮೇಲಿನ ಉಬ್ಬಿನ ಹತ್ತಿರ. ಹಾಗಾದರೆ ನನಗೆ ಚಿಕ್ಕ ಕವಚದ್ದೇ ಬೇಕೆಂದಾಯಿತು. ಈಗ ಮಾದರಿಗಳನ್ನೂ ಕೇಳುವ ಧೈರ್ಯ ಮಾಡುತ್ತೇನೆ: ಐಇ 200, ಹೆಕ್ಸಾ, ಮೂನ್‌ಡ್ರಾಪ್ ಕಾಟೋ ಈ ಮೂರರಲ್ಲಿ ಯಾವುದನ್ನು ಮೊದಲು ಕೇಳಿ ನೋಡಲಿ?

ಕಡಲತಡಿ

ಕವಚ ಒತ್ತುವುದೇ ಸಮಸ್ಯೆಯಾದರೆ ಐಇ 200. ಮೂರರಲ್ಲಿ ಅದೇ ಚಿಕ್ಕದು, ಹಗುರವಾದದ್ದು. ಅದರ ಟಿಪ್ಪನ್ನು ನಳಿಕೆಯ ಮೇಲೆ ಎರಡು ಸ್ಥಾನಗಳಲ್ಲಿ ಕೂರಿಸಬಹುದು. ಹೊರಗಿನ ಸ್ಥಾನದಲ್ಲಿ ಬೇಸ್ ಇಳಿಯುತ್ತದೆ, ಒಳಕ್ಕೆ ತಳ್ಳಿದರೆ ತುಂಬಿ ಬರುತ್ತದೆ. ಇದನ್ನು ತಿಳಿಯದೆ ಕೇಳಿದರೆ ಒಂದೇ ಯಂತ್ರದ ಬಗ್ಗೆ ಎರಡು ತೀರ್ಪು ಬಂದೀತು.

ತಂತಿಮೀಟು

ಕಾಟೋ ಲೋಹದ ಕವಚ, ತೂಕ ಹೆಚ್ಚು. ಆದರೆ ನುಣುಪಾಗಿದೆ, ಮೂಲೆಗಳಿಲ್ಲ. ಬದಲಾಯಿಸಬಹುದಾದ ನಳಿಕೆಗಳನ್ನೂ ಜೊತೆಗೆ ಕೊಡುತ್ತಾರೆ. ವೀಣೆಗೆ ನಾನು ಅದನ್ನೇ ಆರಿಸುತ್ತೇನೆ.

ನಾದಾನುರಾಗಿ

ಹೆಕ್ಸಾ ಬಿಡುಗಡೆಯಾದಾಗ ಅದರ ಬೆಲೆ ಸುಮಾರು 80 ಡಾಲರ್, ಕಾಟೋದ ಅರ್ಧಕ್ಕಿಂತ ಕಡಿಮೆ. ಗಾಯನಕ್ಕೆ ಅದು ಶುಚಿಯಾಗಿದೆ, ಬೇಸ್ ಅತಿಯಿಲ್ಲ. ಗಂಗೂಬಾಯಿಯವರ ಮಂದ್ರಕ್ಕೆ ಇನ್ನೊಂದಿಷ್ಟು ಮೈ ಬೇಕಿತ್ತು ಎನಿಸಿತು. ಅದರ ಕವಚ ಕೋನಗಳುಳ್ಳದ್ದು. ಬಟ್ಟಲಿನಲ್ಲಿ ನೋವಿರುವ ನೀವು ಹಾಕಿ ನೋಡದೆ ತರಿಸಬಾರದು.

ಅಳತೆಗಾರ

ಇಲ್ಲಿ ಒಂದು ಆದ್ಯತೆಯನ್ನು ಸ್ಪಷ್ಟವಾಗಿ ಹೇಳಬೇಕೆನಿಸುತ್ತದೆ. ಮಂದ್ರಕ್ಕೆ ಮೈ ಸಾಲದಿದ್ದರೆ ವೇವ್‌ಲೆಟ್, ಪವರ್‌ಆಂಪ್ ಮುಂತಾದ ಆ್ಯಪ್‌ಗಳ ಇಕ್ವಲೈಸರಿನಲ್ಲಿ 200 ಹರ್ಟ್ಜ್ ಕೆಳಗೆ ಎರಡು ಡೆಸಿಬೆಲ್ ಏರಿಸಿದರೆ ಮುಗಿಯಿತು. ಕವಚ ಒತ್ತುವುದನ್ನು ಯಾವ ಆ್ಯಪ್ ಸರಿಪಡಿಸುತ್ತದೆ? ಆದ್ದರಿಂದ ಕಿವಿಗೆ ಕೂರುವುದನ್ನು ಮೊದಲು ಆರಿಸಿ, ಕೂತವುಗಳಲ್ಲಿ ಧ್ವನಿ ಹಿಡಿಸಿದ್ದನ್ನು ಉಳಿಸಿಕೊಳ್ಳಿ. ಅಳತೆಗೆ ಆಗದ ಚಪ್ಪಲಿಯನ್ನು ಬಣ್ಣ ನೋಡಿ ಯಾರೂ ಕೊಳ್ಳುವುದಿಲ್ಲ.

ತಂತಿಮೀಟು

ಇಕ್ಯೂನಿಂದ ಎಲ್ಲವೂ ಸರಿಹೋಗುತ್ತದೆ ಎಂಬಂತೆ ಬರೆಯಬೇಡಿ. 8,000 ಹರ್ಟ್ಜ್ ಮೇಲೆ ಗ್ರಾಫನ್ನು ನಂಬಬಾರದು ಎಂದು ನೀವೇ ಹೇಳಿದಿರಿ. ಹಾಗಾದರೆ ಅಲ್ಲಿನ ದೋಷವನ್ನು ಯಾವ ಆಧಾರದಲ್ಲಿ ತಿದ್ದುವುದು?

ಅಳತೆಗಾರ

ಅದು ನ್ಯಾಯವಾದ ಪ್ರಶ್ನೆ. ಅಲ್ಲಿ ಗ್ರಾಫ್ ಅಲ್ಲ, ನಿಧಾನವಾಗಿ ಏರುವ ಟೋನ್ ಹಾಕಿ ನಿಮ್ಮ ಕಿವಿಯಲ್ಲಿ ಎಲ್ಲಿ ಚುಚ್ಚುತ್ತದೆ ಎಂದು ಹುಡುಕಬೇಕು. ಅದಕ್ಕೂ ಮೊದಲು ಬೇರೆ ಟಿಪ್ ಹಾಕಿ ನೋಡಬೇಕು. ಅಗಲ ಬಾಯಿಯ ಟಿಪ್, ಕಿರಿದು ಬಾಯಿಯ ಟಿಪ್, ಫೋಮ್ ಇವುಗಳ ನಡುವೆ ಟ್ರೆಬಲ್ ಕೇಳುವಂತೆಯೇ ಬದಲಾಗುತ್ತದೆ. ಕಿವಿಗೆ ಹಾಕಿದ ಮೇಲೆ ಹಿಗ್ಗುವ ಫೋಮ್ ಸಾಮಾನ್ಯವಾಗಿ ತೀಕ್ಷ್ಣತೆಯನ್ನು ಸ್ವಲ್ಪ ತಗ್ಗಿಸುತ್ತದೆ.

ಹೊಸಬಳ್ಳಿ

ಫೋಮ್ ಬಾಳಿಕೆ ಬರುತ್ತದೆಯೇ? ನಮ್ಮದು ಕರಾವಳಿ, ಬೆವರು ವಿಪರೀತ.

ಕಡಲತಡಿ

ನಾನೂ ಕರಾವಳಿಯವನೇ. ಫೋಮ್ ಬೆವರನ್ನೂ ಗುಗ್ಗೆಯನ್ನೂ ಹೀರಿಕೊಂಡು ಬೇಗ ಗಟ್ಟಿಯಾಗುತ್ತದೆ, ತೊಳೆದು ಬಳಸುವಂಥದ್ದಲ್ಲ. ಇಲ್ಲಿನ ಹವೆಗೆ ಸಿಲಿಕೋನ್ ಟಿಪ್ಪೇ ಸರಿ. ವಾರಕ್ಕೊಮ್ಮೆ ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಬೇಕು. ಒಂದು ಕಡೆಯ ಧ್ವನಿ ಇದ್ದಕ್ಕಿದ್ದಂತೆ ಕ್ಷೀಣಿಸಿದರೆ ಡ್ರೈವರ್ ಹೋಯಿತೆಂದು ತಿಳಿಯಬೇಡಿ. ನಳಿಕೆಯ ತುದಿಯ ಜಾಲರಿಯಲ್ಲಿ ತೇವ ಕಟ್ಟಿಕೊಂಡರೂ ಹಾಗೆಯೇ ಆಗುತ್ತದೆ. ಟಿಪ್ ತೆಗೆದು, ಸಿಲಿಕಾ ಜೆಲ್ ಪೊಟ್ಟಣವಿರುವ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟು ನೋಡಿ. ಜಾಲರಿಯನ್ನು ಸೂಜಿಯಿಂದ ಚುಚ್ಚಬಾರದು, ನಳಿಕೆಯನ್ನು ಕೆಳಮುಖವಾಗಿ ಹಿಡಿದು ಮೃದುವಾದ ಒಣ ಬ್ರಷ್‌ನಿಂದ ಉಜ್ಜಿದರೆ ಸಾಕು.